ಬ್ಯಾಟರಿ ಯಾರದ್ದು ಅಂತ ಕೇಳುವ ಲ್ಯಾಪ್‌ಟಾಪ್

(ಬೆಂಗಳೂರಿನಲ್ಲಿ ರಿಪೇರಿ ಕೆಲಸ ಮಾಡುವವರೂ ಆಸಕ್ತರೂ ಸೇರಿದ್ದ ಒಂದು ಸಣ್ಣ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಗೆ ನಡೆದ ಪ್ರಶ್ನೋತ್ತರದಲ್ಲಿ ಸ್ವಲ್ಪ ಭಾಗವನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಥಿಂಕ್‌ಪ್ಯಾಡ್ ಲ್ಯಾಪ್‌ಟಾಪ್ ಬಳಸುವವರು ಎಷ್ಟು ಜನ ಇದ್ದೀರಿ? ಪರವಾಗಿಲ್ಲ, ಸುಮಾರು ಕೈಗಳು ಎದ್ದಿವೆ. ಎಸ್.ಪಿ. ರೋಡಿಗೆ ಹೋಗಿ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೇಳಿದರೆ ಅಂಗಡಿಯವರು ಮೊದಲು ಕೈ ಹಾಕುವುದು ಅದಕ್ಕೇ. ಕಂಪನಿಗಳು ಕೆಲವು ವರ್ಷ ಬಳಸಿ ಹೊರಗೆ ಹಾಕಿದ ಯಂತ್ರಗಳು ಅವು. ಕೀಬೋರ್ಡ್ ಚೆನ್ನಾಗಿರುತ್ತದೆ. ಬಿಚ್ಚುವುದು ಸುಲಭ. ವಿದ್ಯಾರ್ಥಿಗಳಿಗೆ ಕೈಗೆಟುಕುವ ಬೆಲೆ. ಒಂದೇ ತೊಂದರೆ, ಅಷ್ಟು ಹೊತ್ತಿಗೆ ಬ್ಯಾಟರಿ ಸತ್ತಿರುತ್ತದೆ. ಹೊಸದು ಹಾಕಿದರಾಯಿತು ಅಂತ ನಾವು ಅಂದುಕೊಳ್ಳುತ್ತೇವೆ, ಅಲ್ವಾ?

2012ರಲ್ಲಿ ಲೆನೊವೊ ಕಂಪನಿ ಥಿಂಕ್‌ಪ್ಯಾಡ್ ಎಕ್ಸ್230, ಟಿ430 ಮಾದರಿಗಳನ್ನು ತಂದಿತು. ಅದರ ಹಿಂದಿನ ತಲೆಮಾರಿನ ಎಕ್ಸ್220, ಟಿ420 ಯಾರ ಬ್ಯಾಟರಿ ಹಾಕಿದರೂ ತಕರಾರಿಲ್ಲದೆ ಚಾರ್ಜ್ ಮಾಡಿಕೊಳ್ಳುತ್ತಿದ್ದವು. ಹೊಸವು ಹಾಗಲ್ಲ. ಬೇರೆ ಕಂಪನಿಯ ಬ್ಯಾಟರಿ ಹಾಕಿ ಆನ್ ಮಾಡಿದರೆ ವಿಂಡೋಸ್ ಬರುವ ಮೊದಲೇ ಪರದೆ ಮೇಲೆ ಒಂದು ಸಂದೇಶ ಬರುತ್ತದೆ. ಈ ಬ್ಯಾಟರಿಗೆ ಈ ಯಂತ್ರದ ಬೆಂಬಲ ಇಲ್ಲ, ಇದು ಚಾರ್ಜ್ ಆಗುವುದಿಲ್ಲ, ಸರಿಯಾದ ಲೆನೊವೊ ಬ್ಯಾಟರಿ ಹಾಕಿ, ಮುಂದುವರಿಯಲು ಎಸ್ಕೇಪ್ ಒತ್ತಿ. ಎಸ್ಕೇಪ್ ಒತ್ತಿದರೆ ಲ್ಯಾಪ್‌ಟಾಪ್ ನಡೆಯುತ್ತದೆ. ಬ್ಯಾಟರಿ ಮಾತ್ರ ಸುಮ್ನೆ ತೂಗುತ್ತಿರುತ್ತದೆ.

ನನ್ನ ಇವತ್ತಿನ ಮಾತೆಲ್ಲ ಈ ಸಂದೇಶದ ಸುತ್ತಲೇ. ಆ ಲ್ಯಾಪ್‌ಟಾಪ್‌ಗೆ ಬ್ಯಾಟರಿ ಬಗ್ಗೆ ಏನು ಗೊತ್ತು? ಗೊತ್ತಿರುವುದರಲ್ಲಿ ಯಾವುದನ್ನು ನೋಡಿ ಅದು ಬೇಡ ಅನ್ನುತ್ತದೆ?

ಲ್ಯಾಪ್‌ಟಾಪ್ ಬ್ಯಾಟರಿಯ ಪೆಟ್ಟಿಗೆ ಒಡೆದು ನೋಡಿದವರಿಗೆ ಗೊತ್ತು. ಒಳಗೆ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದದ ಸೆಲ್‌ಗಳು ಸಾಲಾಗಿ ಕೂತಿರುತ್ತವೆ. ಅದಕ್ಕೇ ಅವುಗಳ ಹೆಸರು 18650. ಅವುಗಳ ಪಕ್ಕದಲ್ಲಿ ಒಂದು ಹಸಿರು ಬೋರ್ಡ್, ಅದರ ಮೇಲೆ ಒಂದು ಚಿಪ್. ಈ ಚಿಪ್ಪೇ ಬ್ಯಾಟರಿಯ ಲೆಕ್ಕದ ಗುಮಾಸ್ತ. ಎಷ್ಟು ಕರೆಂಟ್ ಒಳಗೆ ಬಂತು, ಎಷ್ಟು ಹೊರಗೆ ಹೋಯಿತು, ಸೆಲ್‌ಗಳ ವೋಲ್ಟೇಜ್ ಎಷ್ಟು, ಶಾಖ ಎಷ್ಟು, ಎಷ್ಟು ಸಲ ತುಂಬಿ ಖಾಲಿಯಾಗಿದೆ, ಈಗ ಪೂರ್ತಿ ತುಂಬಿದರೆ ಎಷ್ಟು ಹಿಡಿಸುತ್ತದೆ, ಎಲ್ಲವನ್ನೂ ಅದು ಬರೆದಿಡುತ್ತದೆ. ಲ್ಯಾಪ್‌ಟಾಪ್ ಕೇಳಿದಾಗ ಹೇಳುತ್ತದೆ. ಈ ಸಂಭಾಷಣೆಯ ರೀತಿನೀತಿಯನ್ನು ತೊಂಬತ್ತರ ದಶಕದಲ್ಲೇ ಇಂಟೆಲ್ ಮತ್ತು ಡ್ಯೂರಾಸೆಲ್ ಸೇರಿ ಒಂದು ಮಾನದಂಡವಾಗಿ ರೂಪಿಸಿದ್ದವು. ಯಾರ ಬ್ಯಾಟರಿ ಆದರೂ ಯಾರ ಯಂತ್ರದ ಜೊತೆಗಾದರೂ ಮಾತಾಡಲಿ ಅನ್ನೋದೇ ಆಗಿನ ಆಸೆ.

ಅಂದರೆ ಬ್ಯಾಟರಿ ಆರೋಗ್ಯವಾಗಿದೆಯೋ ಇಲ್ಲವೋ ಅಂತ ತಿಳಿಯಲು ಬೇಕಾದ ಮಾಹಿತಿಯಲ್ಲಿ ಬಹುಪಾಲು ಲ್ಯಾಪ್‌ಟಾಪ್ ಕೈಯಲ್ಲೇ ಇದೆ. ಶಾಖ ಏರಿದರೆ ಚಾರ್ಜ್ ನಿಲ್ಲಿಸಬಹುದು. ವೋಲ್ಟೇಜ್ ಮಿತಿ ಮೀರಿದರೆ ನಿಲ್ಲಿಸಬಹುದು. ಹಾಗೆ ನಿಲ್ಲಿಸುತ್ತದೆ ಕೂಡ.

ಬೀಗ ಕೂತಿರುವುದು ಬೇರೆ ಕಡೆ. ಬ್ಯಾಟರಿಯ ಚಿಪ್ ಒಳಗೆ ಕಂಪನಿ ಒಂದು ಗುಟ್ಟಿನ ಕೀಲಿಯನ್ನು ಇಟ್ಟಿರುತ್ತದೆ. ಹೊರಗಿನಿಂದ ಅದನ್ನು ಓದಲು ಆಗುವುದಿಲ್ಲ. ಯಂತ್ರ ಒಂದು ಸಂಖ್ಯೆಯನ್ನು ಕಳಿಸುತ್ತದೆ. ಚಿಪ್ ಆ ಸಂಖ್ಯೆಯನ್ನೂ ತನ್ನ ಕೀಲಿಯನ್ನೂ ಸೇರಿಸಿ ಲೆಕ್ಕ ಮಾಡಿ ಉತ್ತರ ಕಳಿಸುತ್ತದೆ. ಉತ್ತರ ತಾಳೆಯಾದರೆ ನಮ್ಮವನು. ಆಗದಿದ್ದರೆ ಹೊರಗಿನವನು. ಬ್ಯಾಂಕ್ ವ್ಯವಹಾರಕ್ಕೆ ಬಳಸುವ ಗಣಿತದ ತಮ್ಮನೇ ಇದು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಂಥ ಚಿಪ್‌ಗಳನ್ನು ಮಾಡುವ ದೊಡ್ಡ ಕಂಪನಿ. 1985ರಲ್ಲಿ ಬೆಂಗಳೂರಿಗೆ ಬಂದು ಇಲ್ಲಿ ಚಿಪ್ ವಿನ್ಯಾಸದ ಕಚೇರಿ ತೆರೆದದ್ದು ಅದೇ. ಹಾಗಾಗಿ ಈ ಸಭೆಯಲ್ಲಿ ಆ ಗಣಿತ ನನಗಿಂತ ಚೆನ್ನಾಗಿ ಗೊತ್ತಿರುವವರು ಇರಬಹುದು.

ಇಲ್ಲಿ ಒಂದು ತಮಾಷೆ ಹೇಳಲೇಬೇಕು. 2011ರಲ್ಲಿ ಚಾರ್ಲಿ ಮಿಲ್ಲರ್ ಅನ್ನುವ ಭದ್ರತಾ ತಜ್ಞ ಆಪಲ್ ಲ್ಯಾಪ್‌ಟಾಪ್ ಬ್ಯಾಟರಿಗಳ ಚಿಪ್ ಒಳಗೆ ಇಳಿದು ನೋಡಿದರು. ಆ ಚಿಪ್‌ನ ಪಾಸ್‌ವರ್ಡ್ ಫ್ಯಾಕ್ಟರಿಯಿಂದ ಬಂದದ್ದೇ ಇತ್ತು, ಯಾರೂ ಬದಲಾಯಿಸಿರಲಿಲ್ಲ. ಎಲ್ಲರಿಗೂ ಸಿಗುವ ದಾಖಲೆಯಲ್ಲೇ ಅದು ಇತ್ತು. ಅಂದರೆ ಚಿಪ್‌ನ ಪ್ರೋಗ್ರಾಮನ್ನೇ ಹೊರಗಿನವರು ತಿದ್ದಬಹುದಾಗಿತ್ತು. ನಿಜವಾದ ಸುರಕ್ಷತೆಯ ಬಾಗಿಲು ಹಾಗೆ ತೆರೆದೇ ಬಿದ್ದಿತ್ತು.

ಈಗ ವಿಷಯಕ್ಕೆ ಬರುತ್ತೇನೆ. ಎಕ್ಸ್230 ಬ್ಯಾಟರಿಗೆ ಎರಡು ಪ್ರಶ್ನೆ ಕೇಳಬಲ್ಲದು. ನೀನು ಹೇಗಿದ್ದೀಯ ಅನ್ನೋದು ಒಂದು. ನೀನು ಯಾರ ಕಡೆಯವನು ಅನ್ನೋದು ಇನ್ನೊಂದು. ಚಾರ್ಜ್ ಮಾಡುವುದಿಲ್ಲ ಅನ್ನುವ ಆ ಸಂದೇಶ ಬರುವುದು ಎರಡನೆಯದರಿಂದ. ಹತ್ತು ವರ್ಷ ಹಳೆಯ, ಅರ್ಧ ಸತ್ತ ಲೆನೊವೊ ಬ್ಯಾಟರಿಯೂ ಆ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಒಳ್ಳೆಯ ಸೆಲ್ ಹಾಕಿ ಮಾಡಿದ ಹೊಸ ಬೇರೆ ಬ್ಯಾಟರಿ ಫೇಲಾಗುತ್ತದೆ. ಇದನ್ನು ಸುರಕ್ಷತೆ ಅಂತ ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಹಾಗಂತ ಕಂಪನಿಗಳ ಭಯ ಪೂರಾ ಸುಳ್ಳು ಅಂತ ಹೇಳಿದರೆ ಅದೂ ತಪ್ಪು. ಲಿಥಿಯಂ ಬ್ಯಾಟರಿ ಆಟದ ಸಾಮಾನಲ್ಲ. ಒಳಗಿನ ಎರಡು ಪದರಗಳ ನಡುವೆ ತೀರಾ ತೆಳುವಾದ ಒಂದು ಪ್ಲಾಸ್ಟಿಕ್ ಹಾಳೆ ಇರುತ್ತದೆ. ಅದು ಎಲ್ಲಾದರೂ ತೂತಾದರೆ ಒಳಗೇ ಶಾರ್ಟ್ ಆಗುತ್ತದೆ. ಬಿಸಿಯಿಂದ ರಾಸಾಯನಿಕ ಕ್ರಿಯೆ ಜಾಸ್ತಿಯಾಗುತ್ತದೆ, ಅದರಿಂದ ಇನ್ನಷ್ಟು ಬಿಸಿ. ಶುರುವಾದ ಮೇಲೆ ಅದನ್ನು ನಿಲ್ಲಿಸುವುದು ಬಹಳ ಕಷ್ಟ. ಕಳಪೆ ಬ್ಯಾಟರಿ ಮಾಡುವವನು ಎಲ್ಲಿ ದುಡ್ಡು ಉಳಿಸುತ್ತಾನೆ? ಆ ಹಾಳೆಯಲ್ಲಿ, ರಕ್ಷಣೆಯ ಸರ್ಕ್ಯೂಟ್‌ನಲ್ಲಿ, ಪರೀಕ್ಷೆಯಲ್ಲಿ. ಹೊರಗಿನ ಸ್ಟಿಕ್ಕರ್ ಮೇಲೆ ಮಾತ್ರ ಉದಾರವಾಗಿ ಎರಡು ಪಟ್ಟು ಎಂಎಎಚ್ (ಬ್ಯಾಟರಿ ಎಷ್ಟು ಚಾರ್ಜ್ ಹಿಡಿಸುತ್ತದೆ ಅನ್ನುವ ಅಳತೆ) ಅಚ್ಚು ಹಾಕಿಸುತ್ತಾನೆ. ಇಲ್ಲಿರುವ ರಿಪೇರಿಯವರಿಗೆ ಇದನ್ನೆಲ್ಲ ನಾನು ಹೇಳಬೇಕಾಗಿಲ್ಲ. ಊದಿಕೊಂಡು ಪರದೆಯನ್ನೇ ಎತ್ತಿಬಿಟ್ಟ ಡೂಪ್ಲಿಕೇಟ್ ಬ್ಯಾಟರಿಗಳನ್ನು ನೀವು ನನಗಿಂತ ಜಾಸ್ತಿ ನೋಡಿದ್ದೀರಿ.

ಆದರೆ ದೊಡ್ಡ ಅನಾಹುತಗಳ ಪಟ್ಟಿ ತೆಗೆದರೆ ಏನು ಸಿಗುತ್ತದೆ ನೋಡಿ. 2006ರಲ್ಲಿ ಸೋನಿ ಮಾಡಿದ ಸೆಲ್‌ಗಳಲ್ಲಿ ದೋಷ ಸಿಕ್ಕಿತು. ಡೆಲ್ 41 ಲಕ್ಷ ಬ್ಯಾಟರಿಗಳನ್ನು ವಾಪಸ್ ಕರೆಸಿತು. ಆಪಲ್ 18 ಲಕ್ಷ. ಆ ಸೆಪ್ಟೆಂಬರ್‌ನಲ್ಲಿ ಲಾಸ್ ಏಂಜಲೀಸ್ ವಿಮಾನ ನಿಲ್ದಾಣದಲ್ಲಿ ಒಂದು ಥಿಂಕ್‌ಪ್ಯಾಡಿಗೇ ಬೆಂಕಿ ಹತ್ತಿತು. ಲೆನೊವೊ ಕೂಡ ಐದು ಲಕ್ಷಕ್ಕೂ ಜಾಸ್ತಿ ಬ್ಯಾಟರಿ ಹಿಂದೆ ತೆಗೆದುಕೊಂಡಿತು. ಮರುವರ್ಷ, 2007ರ ಆಗಸ್ಟ್‌ನಲ್ಲಿ, ನೋಕಿಯಾದ ಸರದಿ. ಬಿಎಲ್-5ಸಿ ನೆನಪಿದೆಯಲ್ಲ? ಮತ್ಸುಶಿತಾ ಕಂಪನಿ ಮಾಡಿಕೊಟ್ಟ 4.6 ಕೋಟಿ ಬಿಎಲ್-5ಸಿ ಬ್ಯಾಟರಿಗಳ ಬಗ್ಗೆ ನೋಕಿಯಾ ಎಚ್ಚರಿಕೆ ಕೊಟ್ಟಿತು. ಚಾರ್ಜ್ ಆಗುವಾಗ ಅತಿಯಾಗಿ ಬಿಸಿಯಾದ ಸುಮಾರು 100 ಪ್ರಕರಣ ಆಗ ಗೊತ್ತಾಗಿದ್ದವು. ನಮ್ಮಲ್ಲಿ ಮನೆಮನೆಯಲ್ಲೂ ಆ ಬ್ಯಾಟರಿ ಇದ್ದ ಕಾಲ. ಜನ ಫೋನ್ ಹಿಂಬದಿ ತೆಗೆದು ನಂಬರ್ ನೋಡಿದ್ದೇ ನೋಡಿದ್ದು. (ಆ ಬ್ಯಾಟರಿಗೆ ಸಾವೇ ಇಲ್ಲ, ಅದು ಬೇರೆ ಮಾತು. ನೋಕಿಯಾ ಆ ಫೋನ್‌ಗಳನ್ನು ನಿಲ್ಲಿಸಿದ ಮೇಲೂ ಎಫ್‌ಎಂ ರೇಡಿಯೊ, ಭಕ್ತಿಗೀತೆಯ ಪುಟ್ಟ ಸ್ಪೀಕರ್, ಎಲ್ಲದರಲ್ಲೂ ಅದೇ ಆಕಾರ.)

ಆಮೇಲೆ 2016ರ ಗ್ಯಾಲಕ್ಸಿ ನೋಟ್ 7. ಸ್ಯಾಮ್‌ಸಂಗ್ ಮೊದಲು 25 ಲಕ್ಷ ಫೋನ್ ವಾಪಸ್ ಕರೆಸಿತು. ಬೇರೆ ಕಾರ್ಖಾನೆಯ ಬ್ಯಾಟರಿ ಹಾಕಿ ಬದಲಿ ಫೋನ್ ಕೊಟ್ಟಿತು. ಅವೂ ಹೊತ್ತಿಕೊಂಡವು. ಅಕ್ಟೋಬರ್‌ನಲ್ಲಿ ಆ ಮಾದರಿಯನ್ನೇ ನಿಲ್ಲಿಸಿತು. ಎರಡು ಕಡೆಯ ಬ್ಯಾಟರಿಯಲ್ಲಿ ಎರಡು ಬೇರೆ ಬೇರೆ ದೋಷ ಇದ್ದವು ಅಂತ 2017ರ ಜನವರಿಯಲ್ಲಿ ಹೇಳಿತು. ವಿಮಾನದಲ್ಲಿ ಸೀಟ್ ಬೆಲ್ಟ್ ಜೊತೆಗೆ ಆ ಫೋನಿನ ಹೆಸರನ್ನೂ ಹೇಳುತ್ತಿದ್ದ ದಿನಗಳು ನಿಮಗೆ ನೆನಪಿರಬಹುದು.

ಇವೆಲ್ಲ ಒರಿಜಿನಲ್ ಬ್ಯಾಟರಿಗಳು. ಗುಟ್ಟಿನ ಕೀಲಿಯ ಪರೀಕ್ಷೆ ಇಟ್ಟಿದ್ದರೆ ಎಲ್ಲವೂ ಪಾಸ್. ಒರಿಜಿನಲ್ ಕೆಟ್ಟದ್ದು, ಲೋಕಲ್ ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ಗುರುತು ಒಂದು ಸಂಗತಿ, ಗುಣ ಇನ್ನೊಂದು ಸಂಗತಿ, ಅಷ್ಟೇ. ಗುರುತಿಗೂ ಅದರದೇ ಬೆಲೆ ಇದೆ, ಅದನ್ನೂ ಒಪ್ಪಬೇಕು. ನೋಕಿಯಾ, ಡೆಲ್ ಬ್ಯಾಟರಿ ವಾಪಸ್ ಕರೆಸಲು ಸಾಧ್ಯವಾದದ್ದು ಯಾವ ಬ್ಯಾಟರಿ ಎಲ್ಲಿ, ಯಾವಾಗ ತಯಾರಾಯಿತು ಅಂತ ಗೊತ್ತಿದ್ದುದರಿಂದ. ಬೇನಾಮಿ ಬ್ಯಾಟರಿಯಲ್ಲಿ ದೋಷ ಸಿಕ್ಕರೆ ವಾಪಸ್ ಕರೆಸುವವರು ಯಾರು? ಆದ್ದರಿಂದ ಈ ಬ್ಯಾಟರಿ ನಮ್ಮದಲ್ಲ, ಇದರ ಜವಾಬ್ದಾರಿ ನಮ್ಮದಲ್ಲ ಅಂತ ಯಂತ್ರ ಹೇಳಲಿ. ಒಂದು ಸಲ, ಸ್ಪಷ್ಟವಾಗಿ ಹೇಳಲಿ. ಅದಕ್ಕೆ ನನ್ನ ವಿರೋಧ ಇಲ್ಲ. ಹೇಳುವುದಕ್ಕೂ ಚಾರ್ಜ್ ನಿಲ್ಲಿಸುವುದಕ್ಕೂ ವ್ಯತ್ಯಾಸ ಇದೆ.

ಚಾರ್ಜ್ ನಿಲ್ಲಿಸಿದ್ದರಿಂದ ಎಕ್ಸ್230 ವಿಷಯದಲ್ಲಿ ಏನಾಯಿತು? ಮೊದಲ ಕೆಲವು ವರ್ಷ ದೊಡ್ಡ ತೊಂದರೆ ಆಗಲಿಲ್ಲ. ಒರಿಜಿನಲ್ ಸಿಗುತ್ತಿತ್ತು, ಬೆಲೆ ಜಾಸ್ತಿ ಅಷ್ಟೇ. ಆದರೆ ಲ್ಯಾಪ್‌ಟಾಪ್ ಬಾಳುವಷ್ಟು ಕಾಲ ಅದರ ಬ್ಯಾಟರಿಯನ್ನು ಯಾವ ಕಂಪನಿಯೂ ಮಾಡುತ್ತಾ ಕೂರುವುದಿಲ್ಲ. ಲಿಥಿಯಂ ಬ್ಯಾಟರಿಯ ಸ್ವಭಾವ ಏನೆಂದರೆ ಬಳಸದೆ ಇಟ್ಟರೂ ಅದಕ್ಕೆ ವಯಸ್ಸಾಗುತ್ತದೆ. ಗೋದಾಮಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಸೀಲ್ ಒಡೆಯದ ಒರಿಜಿನಲ್ ಬ್ಯಾಟರಿ ಕೈಗೆ ಬಂದಾಗಲೇ ಅರ್ಧ ಮುದುಕ. ಹೀಗಾಗಿ ಯಂತ್ರ ಒಪ್ಪುವ ಬ್ಯಾಟರಿ ಹಳೆಯದು, ಹೊಸ ಬ್ಯಾಟರಿಯನ್ನು ಯಂತ್ರ ಒಪ್ಪುವುದಿಲ್ಲ. ಬೀಗ ಹಾಕಿದವರು ಕೀಲಿ ಇಟ್ಟುಕೊಂಡು ಊರು ಬಿಟ್ಟರು.

ಇಂಥ ಕಡೆ ಜನ ಸುಮ್ಮನೆ ಕೂರುವುದಿಲ್ಲ. ಥಿಂಕ್‌ಪ್ಯಾಡ್ ಪ್ರಿಯ ಪ್ರೋಗ್ರಾಮರ್‌ಗಳು ಬ್ಯಾಟರಿ, ಕೀಬೋರ್ಡ್ ನೋಡಿಕೊಳ್ಳುವ ಸಣ್ಣ ಕಂಟ್ರೋಲರ್‌ನ ಪ್ರೋಗ್ರಾಮನ್ನು ಬಿಡಿಸಿ, ಗುರುತು ಕೇಳುವ ಭಾಗವನ್ನು ತೆಗೆದು, ತಿದ್ದುಪಡಿಯನ್ನು ಎಲ್ಲರಿಗೂ ಪುಕ್ಕಟೆ ಕೊಟ್ಟರು. ಅದೇ ತಿದ್ದುಪಡಿಯಿಂದ ಎಕ್ಸ್230ಕ್ಕೆ ಎಕ್ಸ್220ರ ಹಳೆಯ ಒಳ್ಳೆ ಕೀಬೋರ್ಡ್ ಕೂಡ ಹಾಕಬಹುದು. ಕೆಲವರಿಗೆ ಬ್ಯಾಟರಿಗಿಂತ ಅದೇ ಮುಖ್ಯವಾಗಿತ್ತು ಅನ್ನಿ. ಆದರೆ ಬಯಾಸ್, ಅಂದರೆ ಯಂತ್ರವನ್ನು ಎಬ್ಬಿಸುವ ಮೂಲ ಪ್ರೋಗ್ರಾಂ, ಹೊಸದಿದ್ದರೆ ಇದು ನಡೆಯುವುದಿಲ್ಲ. ಹಳೆಯ ಬಯಾಸ್‌ಗೆ ಇಳಿಸಬೇಕು. ಅಂದರೆ ಬ್ಯಾಟರಿ ಚಾರ್ಜ್ ಆಗಲಿ ಅಂತ ನಡುವೆ ಬಂದ ಸೆಕ್ಯುರಿಟಿ ತಿದ್ದುಪಡಿಗಳನ್ನು ಬಿಟ್ಟುಕೊಡಬೇಕು. ಹೆಚ್ಚುಕಡಿಮೆ ಆದರೆ ಯಂತ್ರವೇ ಏಳುವುದಿಲ್ಲ. ಇನ್ನೊಂದು ಕಡೆ ಗುರುತಿನ ಉತ್ತರವನ್ನೇ ನಕಲು ಮಾಡಿದ ಬ್ಯಾಟರಿಗಳೂ ಮಾರುಕಟ್ಟೆಗೆ ಬಂದವು. ಆ ನಕಲಿನ ಹಿಂದಿನ ಸೆಲ್ ಹೇಗಿದೆ ಅಂತ ಯಂತ್ರಕ್ಕೆ ಗೊತ್ತಾಗುವುದಿಲ್ಲ. ಯಾರಿಗೆ ತಡೆಯಾಯಿತು? ನಾನು ಲೆನೊವೊ ಅಲ್ಲ, ನಾನು ಬೇರೆ ಅಂತ ನಿಜ ಹೇಳಿ ಮಾರುವವನಿಗೆ.

ಕ್ಯಾಮೆರಾದಲ್ಲೂ ಇದು ನಡೆದಿದೆ. 2009ರಲ್ಲಿ ಪ್ಯಾನಾಸೋನಿಕ್ ತನ್ನ ಲೂಮಿಕ್ಸ್ ಕ್ಯಾಮೆರಾಗಳಿಗೆ ಒಂದು ಅಪ್‌ಡೇಟ್ ಕೊಟ್ಟಿತು. ಹಾಕಿಕೊಂಡ ಮೇಲೆ ಬೇರೆಯವರ ಬ್ಯಾಟರಿ ನಡೆಯಲಿಲ್ಲ. ಕಾರಣ, ಗ್ರಾಹಕರ ಸುರಕ್ಷತೆ. ಖರೀದಿ ಮಾಡಿದ ದಿನ ಇದ್ದ ಅನುಕೂಲವನ್ನು ಆಮೇಲೆ ಕಿತ್ತುಕೊಂಡದ್ದು ನನಗೆ ಎಕ್ಸ್230ಕ್ಕಿಂತ ಕೆಟ್ಟದ್ದಾಗಿ ಕಾಣುತ್ತದೆ.

ಇನ್ನು ಐಫೋನ್. ಇದರ ಬಗ್ಗೆ ಸ್ವಲ್ಪ ಜಾಸ್ತಿ ಮಾತಾಡುತ್ತೇನೆ. ಐಫೋನ್‌ಗಳು ಕೋಲಾರದ ನರಸಾಪುರದಲ್ಲಿ, ದೇವನಹಳ್ಳಿಯಲ್ಲಿ ತಯಾರಾಗುತ್ತಿವೆ, ನಮ್ಮ ಮನೆಯ ವಿಷಯವೇ.

2017ರ ಡಿಸೆಂಬರ್‌ನಲ್ಲಿ ಆಪಲ್ ಒಂದು ವಿಷಯ ಒಪ್ಪಿಕೊಂಡಿತು. ಬ್ಯಾಟರಿ ಹಳೆಯದಾದ ಐಫೋನ್‌ಗಳ ವೇಗವನ್ನು ಅಪ್‌ಡೇಟ್ ಮೂಲಕ ತಗ್ಗಿಸಿದ್ದೇವೆ ಅಂತ. ಇದ್ದಕ್ಕಿದ್ದಂತೆ ಫೋನ್ ಆಫ್ ಆಗದಿರಲಿ ಅನ್ನೋದು ಉದ್ದೇಶ. ತಾಂತ್ರಿಕವಾಗಿ ಅದು ತಪ್ಪು ಯೋಚನೆಯೂ ಅಲ್ಲ, ಹಳೆಯ ಬ್ಯಾಟರಿ ಒಮ್ಮೆಲೇ ಜಾಸ್ತಿ ಕರೆಂಟ್ ಕೊಡಲಾರದು. ಆದರೆ ಬಳಸುವವರಿಗೆ ಸರಿಯಾಗಿ ಹೇಳಿರಲಿಲ್ಲ. ಫೋನ್ ನಿಧಾನ ಆಯಿತು ಅಂತ ಜನ ಹೊಸ ಫೋನ್ ಕೊಂಡರು, ಬ್ಯಾಟರಿ ಬದಲಿಸಿದ್ದರೆ ಸಾಕಿತ್ತು. ಗಲಾಟೆ ಆಯಿತು. ಆಪಲ್ ಕ್ಷಮೆ ಕೇಳಿತು. 2018ರ ಪೂರ್ತಿ ವರ್ಷ ಅಮೆರಿಕದಲ್ಲಿ 79 ಡಾಲರ್ ಇದ್ದ ಬ್ಯಾಟರಿ ಬದಲಾವಣೆಯನ್ನು 29 ಡಾಲರ್‌ಗೆ ಮಾಡಿಕೊಟ್ಟಿತು. ಬೇರೆ ದೇಶಗಳಲ್ಲೂ ದರ ಇಳಿಸಿತು. 2019ರ ಜನವರಿ 2ರಂದು ಟಿಮ್ ಕುಕ್ ಹೂಡಿಕೆದಾರರಿಗೆ ಪತ್ರ ಬರೆದರು. ಆದಾಯ ಅಂದುಕೊಂಡಷ್ಟು ಬರುವುದಿಲ್ಲ ಅಂತ. ಮುಖ್ಯ ಕಾರಣ ಚೀನಾ ಮಾರುಕಟ್ಟೆ. ಜೊತೆಗೆ ಹೇಳಿದ ಕಾರಣಗಳಲ್ಲಿ ಒಂದು, ಜನ ಕಡಿಮೆ ದರದ ಬ್ಯಾಟರಿ ಬದಲಾವಣೆಯ ಲಾಭ ಪಡೆದದ್ದು.

ಅದನ್ನು ಇನ್ನೊಂದು ಸಲ ಯೋಚಿಸಿ. ಒಂದು ಬ್ಯಾಟರಿಗೆ ಒಂದು ಹೊಸ ಫೋನಿನ ಮಾರಾಟವನ್ನು ಮುಂದೂಡುವ ತಾಕತ್ತು ಇದೆ ಅಂತ ಕಂಪನಿಯ ಮುಖ್ಯಸ್ಥರೇ ಬರೆದಂತಾಯಿತು.

ಅದೇ ವರ್ಷದ ಆಗಸ್ಟ್‌ನಲ್ಲಿ ಐಫಿಕ್ಸಿಟ್ ಅನ್ನುವ ರಿಪೇರಿ ಸಂಸ್ಥೆ ಒಂದು ವಿಷಯವನ್ನು ಹೊರಗೆ ಹಾಕಿತು. ಐಫೋನ್ ಎಕ್ಸ್ಆರ್, ಎಕ್ಸ್‌ಎಸ್, ಎಕ್ಸ್‌ಎಸ್ ಮ್ಯಾಕ್ಸ್ ಫೋನ್‌ಗಳಲ್ಲಿ ಹೊರಗಿನವರು ಬ್ಯಾಟರಿ ಬದಲಿಸಿದರೆ ಸೆಟ್ಟಿಂಗ್ಸ್‌ನಲ್ಲಿ ಸರ್ವೀಸ್ ಅನ್ನುವ ಎಚ್ಚರಿಕೆ ಬರುತ್ತಿತ್ತು, ಬ್ಯಾಟರಿ ಆರೋಗ್ಯದ ಶೇಕಡಾವಾರು ಕಾಣಿಸುತ್ತಿರಲಿಲ್ಲ. ಡೂಪ್ಲಿಕೇಟ್ ಹಾಕಿದರೆ ಮಾತ್ರವಲ್ಲ. ಇನ್ನೊಂದು ಐಫೋನಿನಿಂದ ತೆಗೆದ ಒರಿಜಿನಲ್ ಆಪಲ್ ಬ್ಯಾಟರಿ ಹಾಕಿದರೂ ಅಷ್ಟೇ. ಬ್ಯಾಟರಿಯ ಮೇಲಿನ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಚಿಪ್ ಆ ಒಂದು ಫೋನಿನ ಬೋರ್ಡ್ ಜೊತೆ ಮಾತ್ರ ಜೋಡಿಯಾಗಿತ್ತು. ಆ ಜೋಡಿ ಕಟ್ಟುವ ಸಾಫ್ಟ್‌ವೇರ್ ಇದ್ದದ್ದು ಆಪಲ್ ಮತ್ತು ಅದರ ಅಧಿಕೃತ ಕೇಂದ್ರಗಳ ಬಳಿ. ಆಪಲ್ ಕೊಟ್ಟ ಉತ್ತರ, ಹಾಳಾದ, ಕಳಪೆ, ಬಳಸಿದ ಬ್ಯಾಟರಿಗಳಿಂದ ಗ್ರಾಹಕರನ್ನು ಕಾಪಾಡಲು ಇದು, ಫೋನ್ ಬಳಸಲು ಏನೂ ಅಡ್ಡಿಯಿಲ್ಲ.

ಜನವರಿಯ ಪತ್ರಕ್ಕೂ ಇದಕ್ಕೂ ನೇರ ಸಂಬಂಧ ಇದೆ ಅಂತ ನಾನು ಹೇಳುತ್ತಿಲ್ಲ. ಆ ಫೋನ್‌ಗಳ ವಿನ್ಯಾಸ ಮೊದಲೇ ಆಗಿತ್ತು. ಆದರೆ ಇಲ್ಲಿ ಗುರುತಿನ ಪರೀಕ್ಷೆ ಎಲ್ಲಿಗೆ ಬಂದು ನಿಂತಿತು ನೋಡಿ. ಎಕ್ಸ್230 ಕೇಳಿದ್ದು ನೀನು ನಮ್ಮ ಕಂಪನಿಯವನಾ ಅಂತ. ಐಫೋನ್ ಕೇಳಿದ್ದು ನೀನು ನನ್ನವನೇನಾ ಅಂತ. ಆಪಲ್ ಚಾರ್ಜ್ ನಿಲ್ಲಿಸಲಿಲ್ಲ, ಅದು ನಿಜ. ಆದರೆ ಬ್ಯಾಟರಿ ಎಷ್ಟು ಸವೆದಿದೆ ಅನ್ನುವ ಮಾಹಿತಿಯನ್ನೇ ಮುಚ್ಚಿಟ್ಟಿತು. ಹೊರಗಿನ ಬ್ಯಾಟರಿ ಅಪಾಯಕಾರಿ ಅನ್ನುವುದಾದರೆ ಅದರ ಆರೋಗ್ಯದ ಮೇಲೆ ಜಾಸ್ತಿ ಕಣ್ಣಿಡಬೇಕು ತಾನೇ? ಇಲ್ಲಿ ಉಲ್ಟಾ.

ಅಂಗಡಿಗಳು ಇದಕ್ಕೆ ಕಂಡುಕೊಂಡ ಉಪಾಯ ನಿಮಗೆಲ್ಲ ಗೊತ್ತು. ಹಳೆಯ ಒರಿಜಿನಲ್ ಬ್ಯಾಟರಿಯಿಂದ ಚಿಪ್ ಇರುವ ಪಟ್ಟಿಯನ್ನು ಕತ್ತರಿಸಿ, ಅದನ್ನು ಹೊಸ ಸೆಲ್‌ಗೆ ಸ್ಪಾಟ್ ವೆಲ್ಡಿಂಗ್ ಮಾಡುವುದು. ಚಿಪ್ ಹಳೆಯದೇ, ಫೋನಿಗೆ ಅನುಮಾನ ಬರುವುದಿಲ್ಲ. ಸೆಲ್ ಯಾವುದೋ. ಆಮೇಲೆ ಚಿಪ್ ತಿದ್ದುವ ಪ್ರೋಗ್ರಾಮರ್ ಪೆಟ್ಟಿಗೆಗೆ ಹಾಕಿ, ಎಷ್ಟು ಸಲ ಚಾರ್ಜ್ ಆಗಿದೆ ಅನ್ನುವ ಲೆಕ್ಕವನ್ನು ತಿದ್ದಿದರೆ ಬ್ಯಾಟರಿ ಆರೋಗ್ಯ ನೂರಕ್ಕೆ ನೂರು. ಒಳ್ಳೆ ಕೈ ಇದ್ದವರು ಶುಚಿಯಾಗಿ ಮಾಡುತ್ತಾರೆ. ಆದರೆ ಟೇಬಲ್ ಮೇಲೆ ಲಿಥಿಯಂ ಸೆಲ್‌ಗೆ ವೆಲ್ಡಿಂಗ್ ಮಾಡುವುದು ಎಷ್ಟು ಅಪಾಯ ಅಂತ ಮಾಡುವವರಿಗೇ ಗೊತ್ತು. ಪೂರ್ತಿ ಜೋಡಿಸಿ, ಪರೀಕ್ಷೆ ಮಾಡಿ, ಸೀಲ್ ಆಗಿ ಬಂದ ಹೊಸ ಬ್ಯಾಟರಿಯನ್ನು ಹಾಗೇ ಹಾಕಿದ್ದರೆ ಈ ಕೆಲಸವೇ ಬೇಕಾಗಿರಲಿಲ್ಲ. ಸುರಕ್ಷತೆಗೆ ಅಂತ ಹಾಕಿದ ಬೀಗ ಜನರನ್ನು ಜಾಸ್ತಿ ಅಪಾಯದ ದಾರಿಗೆ ತಳ್ಳಿದೆ. ನನ್ನ ದೊಡ್ಡ ತಕರಾರು ಇದೇ.

ಆಪಲ್ ಆಮೇಲೆ ಸ್ವಲ್ಪ ಸಡಿಲ ಮಾಡಿದೆ, ಅದನ್ನೂ ಹೇಳಬೇಕು. 2022ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಸಾಮಾನ್ಯ ಜನರಿಗೂ ಬಿಡಿಭಾಗ ಕೊಡಲು ಶುರು ಮಾಡಿತು. 2024ರಲ್ಲಿ ಬಂದ ಐಫೋನ್ ಸಾಫ್ಟ್‌ವೇರ್ ಐಒಎಸ್ 18ರಿಂದ, ಕೆಲವು ಮಾದರಿಗಳಲ್ಲಿ, ಇನ್ನೊಂದು ಐಫೋನಿನ ಒರಿಜಿನಲ್ ಭಾಗವನ್ನು ಫೋನಿನಲ್ಲೇ ಜೋಡಿ ಮಾಡಿಕೊಳ್ಳಬಹುದು. ಅಂದರೆ ಆಪಲ್‌ನದೇ ಹಳೆಯ ಬ್ಯಾಟರಿಗೆ ಬಾಗಿಲು ತೆರೆಯಿತು. ಹೊರಗಿನವನು ಹೊರಗೇ.

ಕಾನೂನಿನ ಕಡೆ ಬರೋಣ. ನಮ್ಮ ದೇಶಕ್ಕೆ ಈ ವಿಷಯ ಹೊಸದಲ್ಲ. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಜಾಸ್ತಿ ದಂಡ ಹಾಕಿತು. ಕಾರಣ ಏನು ಗೊತ್ತಾ? ಬಿಡಿಭಾಗಗಳನ್ನೂ ದೋಷ ಪತ್ತೆ ಮಾಡುವ ಉಪಕರಣಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಕೊಡದೆ ಮುಚ್ಚಿಟ್ಟುಕೊಂಡದ್ದು. ಕಂಪನಿಗಳು ಮೇಲ್ಮನವಿಗೆ ಹೋದವು. ಅದರ ಕತೆ ಉದ್ದ. ಆದರೆ ವಾದದ ತಿರುಳು ಇವತ್ತಿನದೇ. ಕಾರು ಮಾರಿದ ಮೇಲೂ ಅದರ ರಿಪೇರಿಯ ಮಾರುಕಟ್ಟೆ ನಿನ್ನೊಬ್ಬನದಾಗಿಯೇ ಉಳಿಯಬೇಕಾ?

2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿನ ಬಗ್ಗೆ ಒಂದು ಸಮಿತಿ ಮಾಡಿತು. ಕೃಷಿ ಯಂತ್ರ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್, ಗೃಹೋಪಯೋಗಿ ಸಾಮಾನು, ವಾಹನ, ಈ ನಾಲ್ಕು ಕ್ಷೇತ್ರ. ಅದೇ ಡಿಸೆಂಬರ್ 24ಕ್ಕೆ ಒಂದು ಪೋರ್ಟಲ್ ಬಂತು. ಕಂಪನಿಗಳು ಸರ್ವೀಸ್ ಮತ್ತು ಬಿಡಿಭಾಗದ ಮಾಹಿತಿ ಹಾಕುವ ಜಾಗ. 2025ರಲ್ಲಿ ಫೋನ್ ಮುಂತಾದವುಗಳಿಗೆ ರಿಪೇರಿ ಸೂಚ್ಯಂಕ ಕೊಡುವ ಬಗ್ಗೆ ಇನ್ನೊಂದು ಸಮಿತಿ ವರದಿ ಕೊಟ್ಟಿತು. ಒಳ್ಳೆಯದೇ. ಆದರೆ ಪೋರ್ಟಲ್‌ನಲ್ಲಿ ಫೋನ್ ನಂಬರ್ ಸಿಕ್ಕರೆ ಬೀಗ ತೆರೆಯುವುದಿಲ್ಲ. ಸಾಫ್ಟ್‌ವೇರ್ ಬಳಸಿ ಹೊರಗಿನ ಬ್ಯಾಟರಿಯನ್ನು ತಡೆಯಬಾರದು ಅನ್ನುವ ಒಂದು ಸಾಲು ಬೇಕು.

ಆ ಸಾಲು ಯುರೋಪಿನಲ್ಲಿ ಆಗಲೇ ಇದೆ. 2023ರ ಬ್ಯಾಟರಿ ಕಾನೂನಿನ 11ನೇ ವಿಧಿಯಲ್ಲಿ ಹೆಚ್ಚುಕಡಿಮೆ ಇದೇ ಮಾತು ಬರುತ್ತದೆ. ಹೊಂದುವ ಇನ್ನೊಂದು ಬ್ಯಾಟರಿ ಹಾಕುವುದಕ್ಕೆ ಸಾಫ್ಟ್‌ವೇರ್ ಅಡ್ಡ ಬರುವಂತಿಲ್ಲ. 2027ರ ಫೆಬ್ರುವರಿ 18ರಿಂದ ಜಾರಿ. ಇದರ ಬಗ್ಗೆ ವಾಟ್ಸಾಪ್‌ನಲ್ಲಿ ಒಂದು ಸುದ್ದಿ ಓಡಾಡುತ್ತಿದೆ, ಇನ್ನು ಎಲ್ಲ ಫೋನಿನ ಹಿಂಬದಿಯೂ ಹಳೆಯ ನೋಕಿಯಾ ಥರ ಉಗುರಿನಲ್ಲಿ ತೆಗೆಯಬಹುದು ಅಂತ. ಅಷ್ಟು ಸಲೀಸಿಲ್ಲ. ಫೋನ್‌ಗಳಿಗೆ ಬೇರೆ ಒಂದು ನಿಯಮ 2025ರ ಜೂನ್ 20ರಿಂದ ಇದೆ. ಅದರ ಪ್ರಕಾರ ನೀರು ಒಳಗೆ ಹೋಗದಂಥ ಫೋನಿನ ಬ್ಯಾಟರಿ 1,000 ಸಲ ಚಾರ್ಜ್ ಆದ ಮೇಲೂ ಶೇ 80ರಷ್ಟು ಸಾಮರ್ಥ್ಯ ಉಳಿಸಿಕೊಂಡರೆ, ಅದನ್ನು ಬಳಕೆದಾರನೇ ಬಿಚ್ಚುವಂತೆ ಮಾಡಬೇಕಾಗಿಲ್ಲ, ರಿಪೇರಿಯವರು ಬಿಚ್ಚುವಂತಿದ್ದರೆ ಸಾಕು. ನನಗೇನೂ ಬೇಸರ ಇಲ್ಲ. ಸ್ಕ್ರೂ ಬಿಚ್ಚಲು ನೀವು ಇದ್ದೀರಿ. ಬಿಚ್ಚಿದ ಮೇಲೆ ಕೋಡ್ ಅಡ್ಡ ನಿಲ್ಲಬಾರದು.

ಅಮೆರಿಕದಲ್ಲಿ ಆರೆಗಾನ್ ರಾಜ್ಯ 2024ರ ಮಾರ್ಚ್‌ನಲ್ಲಿ ಬಿಡಿಭಾಗಗಳ ಜೋಡಿ ಕಟ್ಟುವಿಕೆಗೇ ಕಡಿವಾಣ ಹಾಕಿತು. ಅಲ್ಲಿ ಅದೇ ಮೊದಲು. ಆಮೇಲೆ ಕೊಲೊರಾಡೊ ಕೂಡ.

ಹಾಗಾದರೆ ಕಳಪೆ ಬ್ಯಾಟರಿಯನ್ನು ತಡೆಯುವುದು ಹೇಗೆ? ಅದಕ್ಕೆ ನಮ್ಮಲ್ಲಿ ದಾರಿ ಇದೆ. ಲಿಥಿಯಂ ಬ್ಯಾಟರಿ ಭಾರತದಲ್ಲಿ ಮಾರಬೇಕಾದರೆ ಐಎಸ್ 16046 ಅನ್ನುವ ಸುರಕ್ಷತಾ ಮಾನದಂಡದ ಪರೀಕ್ಷೆ ಪಾಸಾಗಿ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ನೋಂದಣಿ ಪಡೆಯಬೇಕು. ಶಾರ್ಟ್ ಮಾಡಿ ನೋಡುತ್ತಾರೆ, ಬಿಸಿ ಮಾಡಿ ನೋಡುತ್ತಾರೆ, ಅತಿಯಾಗಿ ಚಾರ್ಜ್ ಮಾಡಿ ನೋಡುತ್ತಾರೆ. ಇದು ಮೊದಲನೆಯ ಪ್ರಶ್ನೆ, ನೀನು ಹೇಗಿದ್ದೀಯ ಅನ್ನುವ ಪ್ರಶ್ನೆ. ನೋಂದಣಿ ಇದ್ದರೂ ಕಳ್ಳ ಮುದ್ರೆ ಹಾಕುವವರು ಇದ್ದಾರೆ, ಒಪ್ಪುತ್ತೇನೆ. ಅವರನ್ನು ಹಿಡಿಯುವುದು ಸರ್ಕಾರದ ಕೆಲಸ. ಆ ಕೆಲಸವನ್ನು ಮಾರುವ ಕಂಪನಿಯ ಕೈಗೆ ಕೊಟ್ಟರೆ ಪೊಲೀಸೂ ಅವನೇ, ಅಂಗಡಿಯವನೂ ಅವನೇ.

ನನ್ನ ಮಾತು ಇಷ್ಟು. ಪ್ರಶ್ನೆ ಇದ್ದರೆ ಕೇಳಿ.

*

ಚಿಪ್ ಕಂಪನಿಯಲ್ಲಿ ಕೆಲಸ ಮಾಡುವ ಒಬ್ಬ ಯುವಕ ಕೇಳಿದರು: ಜೋಡಿ ಕಟ್ಟುವುದರಿಂದ ಕಳ್ಳತನ ಕಡಿಮೆ ಆಗುತ್ತದಲ್ಲ ಸರ್? ಕದ್ದ ಫೋನ್ ಬಿಚ್ಚಿ ಭಾಗಗಳನ್ನು ಮಾರಲು ಆಗುವುದಿಲ್ಲ.

ಒಳ್ಳೆ ಪ್ರಶ್ನೆ. ಇದು ಸುರಕ್ಷತೆಯ ವಾದಕ್ಕಿಂತ ಗಟ್ಟಿಯಾದದ್ದು. ಐಒಎಸ್ 18ರಲ್ಲಿ ಆಪಲ್ ಇದನ್ನೇ ಮಾಡಿದೆ. ಕಳೆದುಹೋಗಿದೆ ಅಂತ ಗುರುತು ಹಾಕಿದ ಫೋನಿನ ಬ್ಯಾಟರಿ, ಕ್ಯಾಮೆರಾ, ಪರದೆಗಳನ್ನು ಇನ್ನೊಂದು ಫೋನಿಗೆ ಜೋಡಿಸಲು ಬಿಡುವುದಿಲ್ಲ. ಅದಕ್ಕೆ ನನ್ನ ಒಪ್ಪಿಗೆ ಇದೆ. ಕದ್ದ ಭಾಗಗಳ ಪಟ್ಟಿ ಮಾಡಿ ಅವನ್ನು ತಡೆಯಿರಿ. ಆದರೆ ಯಾರೋ ಕಾರ್ಖಾನೆಯಲ್ಲಿ ಹೊಸದಾಗಿ ಮಾಡಿ ಬಿಲ್ ಸಮೇತ ಮಾರಿದ ಬ್ಯಾಟರಿ ಆ ಪಟ್ಟಿಯಲ್ಲಿ ಬರುವುದಿಲ್ಲವಲ್ಲ. ಅದನ್ನು ಯಾಕೆ ಕಳ್ಳರ ಸಾಲಿನಲ್ಲಿ ನಿಲ್ಲಿಸಬೇಕು?

ಇನ್ನೊಬ್ಬರು ಮೇಡಂ ಕೇಳಿದರು: ಇದೆಲ್ಲ ಸರಿ. ನನ್ನ ಫೋನ್ ಮಧ್ಯಾಹ್ನಕ್ಕೇ ಸತ್ತು ಹೋಗುತ್ತದೆ. ಈಗ ಏನು ಹಾಕಿಸಲಿ?

ಸರ್ವೀಸ್ ಸೆಂಟರ್‌ನ ದರ ಮೊದಲು ಕೇಳಿ. ಎಷ್ಟೋ ಮಾದರಿಗಳಿಗೆ ಅದು ನಾವು ಅಂದುಕೊಂಡಷ್ಟು ಜಾಸ್ತಿ ಇರುವುದಿಲ್ಲ. ಹೊರಗೆ ಹಾಕಿಸುವುದಾದರೆ ಬ್ಯಾಟರಿಯನ್ನು ಕೈಗೆ ತೆಗೆದುಕೊಂಡು ನೋಡಿ. ಬಿಐಎಸ್ ಗುರುತಿನ ಜೊತೆ ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಯಾವ ಕಂಪನಿ, ಯಾವ ಸಾಮಾನು ಅಂತ ಬರುತ್ತದೆ. ಕೈಯಲ್ಲಿರುವುದಕ್ಕೂ ಆ್ಯಪ್ ಹೇಳುವುದಕ್ಕೂ ತಾಳೆಯಾಗದಿದ್ದರೆ ಬೇಡ ಅನ್ನಿ. ನಿಮ್ಮ ಮಾದರಿಯ ಒರಿಜಿನಲ್‌ಗಿಂತ ಎಂಎಎಚ್ ಬಹಳ ಜಾಸ್ತಿ ಬರೆದಿದ್ದರೆ ಅನುಮಾನ ಪಡಿ. ಅದೇ ಜಾಗದಲ್ಲಿ ಎರಡು ಪಟ್ಟು ಕರೆಂಟ್ ಹಿಡಿಸುವ ವಿದ್ಯೆ ಇದ್ದವರು ಬೀದಿ ಬದಿಯಲ್ಲಿ ಬ್ಯಾಟರಿ ಮಾರುತ್ತಾ ಕೂರುವುದಿಲ್ಲ. ಬಿಲ್ ಕೇಳಿ. ಚಿಪ್ ಕತ್ತರಿಸಿ ವೆಲ್ಡಿಂಗ್ ಮಾಡುತ್ತೀರಾ ಅಂತಲೂ ಕೇಳಿ. ಹೌದು ಅಂದರೆ, ಹಾಗೆ ಮಾಡದೆ ಪೂರ್ತಿ ಬ್ಯಾಟರಿ ಹಾಕಿ, ಎಚ್ಚರಿಕೆಯ ಸಂದೇಶ ಬಂದರೆ ಬರಲಿ ಅನ್ನಿ. ಹಳೆಯ ಬ್ಯಾಟರಿ ಊದಿಕೊಂಡಿದ್ದರೆ ಚಾರ್ಜ್ ಹಾಕಬೇಡಿ, ಒತ್ತಬೇಡಿ, ಕಸದ ಡಬ್ಬಿಗೂ ಎಸೆಯಬೇಡಿ. ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೇ ಕೊಡಿ.